ಗಡ್ಡ, ಕನ್ನಡಕ, ಲೇಥ್: ಬ್ಯಾಟರಿ ಫ್ಯಾನಿನ ಮಾಸ್ಕ್ ಯಾವುದು ಹೊಂದೀತು?

ಗಡ್ಡದ ಬಡಗಿ (ಪ್ರಶ್ನೆ)

ಮರದ ತುಂಡನ್ನು ಗಿರ್ರನೆ ತಿರುಗಿಸುವ ಲೇಥ್ ಯಂತ್ರದ ಮೇಲೆ ಬಟ್ಟಲು, ಹೂದಾನಿ ಕಡೆಯುವುದು ನನ್ನ ಕಸುಬು. ಹನ್ನೊಂದು ವರ್ಷವಾಯಿತು. ಅದರಲ್ಲಿ ಹತ್ತು ವರ್ಷ ಮೂಗಿಗೆ ಒಂದು ಕರವಸ್ತ್ರ ಕಟ್ಟಿಕೊಂಡು ಅದನ್ನೇ ಕವಚವೆಂದು ನಂಬಿದ್ದೆ. ಸಂಜೆ ಮೂಗು ತೊಳೆದಾಗ ಬರುವ ಬಣ್ಣ ನೋಡಿ, ಆ ದಿನ ಯಾವ ಮರ ಕಡೆದೆನೆಂದು ಹೇಳಬಹುದಿತ್ತು. ಅದನ್ನೊಂದು ತಮಾಷೆಯಾಗಿ ಎಲ್ಲರಿಗೂ ಹೇಳಿಕೊಂಡು ತಿರುಗುತ್ತಿದ್ದೆ.

ಹೋದ ವರ್ಷ ತೇಗದ ಹದಿನಾರು ಬಟ್ಟಲುಗಳನ್ನು ಒಂದೇ ವಾರದಲ್ಲಿ ಉಜ್ಜಿ ಮುಗಿಸಿದಾಗ ತಮಾಷೆ ನಿಂತಿತು. ಕೆಮ್ಮು ಮೂರು ವಾರ ಬಿಡಲಿಲ್ಲ. ಮುಂಗೈ ತುಂಬ ಕೆಂಪು ಗುಳ್ಳೆ. ವೈದ್ಯರು ಕೊಳವೆಯೊಂದನ್ನು ಬಾಯಿಗಿಟ್ಟು ಊದಿಸಿ ನೋಡಿದರು. ಶ್ವಾಸಕೋಶ ಸದ್ಯಕ್ಕೆ ಸರಿಯಾಗಿದೆ, ಇನ್ನು ಮೇಲೆ ಧೂಳನ್ನು ಒಳಗೆ ಬಿಟ್ಟುಕೊಳ್ಳಬೇಡಿ ಎಂದರು. ಕೆಲಸ ಬಿಡಿ ಎನ್ನಲಿಲ್ಲ, ಅಷ್ಟು ಪುಣ್ಯ.

ಎನ್-95 ಮಾಸ್ಕ್ ಹಾಕತೊಡಗಿದೆ. ಕನ್ನಡಕ ಐದು ನಿಮಿಷಕ್ಕೊಮ್ಮೆ ಮಂಜಾಗುತ್ತದೆ. ಬಿಟ್ಟ ಉಸಿರು ಮೂಗಿನ ಪಕ್ಕದಿಂದ ನುಸುಳಿ ಮೇಲೆ ಬರುತ್ತಿದೆ ಎಂದಾಯಿತು. ಉಸಿರು ಹೊರಗೆ ಹೋಗುವ ಸಂದಿನಲ್ಲಿ ಧೂಳು ಒಳಗೆ ಬರುವುದಿಲ್ಲವೇ? ಒಂದು ಸಂಜೆ ಮಾಸ್ಕ್ ತೆಗೆದು ಕನ್ನಡಿ ನೋಡಿಕೊಂಡೆ. ಗಡ್ಡದೊಳಗಿನಿಂದ ಒಂದು ಕಂದು ಗೆರೆ ತುಟಿಯ ಅಂಚಿನವರೆಗೆ ಇರುವೆಯ ಸಾಲಿನಂತೆ ಹರಿದಿತ್ತು. ಮಾಸ್ಕಿನ ಬಟ್ಟೆ ಶೇಕಡಾ 95 ಹಿಡಿದರೇನು, ಗಾಳಿ ಬಟ್ಟೆಯ ಮೂಲಕ ಬರುತ್ತಲೇ ಇಲ್ಲ.

ಗಡ್ಡ ಬೋಳಿಸಿ ಎಂಬ ಸಲಹೆ ಬರುತ್ತದೆಂದು ಗೊತ್ತು. ಇಪ್ಪತ್ತೆರಡು ವರ್ಷದ ಗಡ್ಡ, ಗೇಣಿಗೆ ಎರಡು ಬೆರಳು ಕಡಿಮೆ. ಅದರ ವಿಷಯ ಚರ್ಚೆಗಿಲ್ಲ.

ಹೀಗಾಗಿ ಫಿಲ್ಟರಿನಲ್ಲಿ ಸೋಸಿದ ಗಾಳಿಯನ್ನು ಮುಖಕ್ಕೆ ಊದುವ ಬ್ಯಾಟರಿ ಫ್ಯಾನ್ ಇರುವ ಮಾಸ್ಕ್, ಅಂದರೆ ಪಿಎಪಿಆರ್ ಕೊಳ್ಳಬೇಕೆಂದು ತೀರ್ಮಾನಿಸಿದ್ದೇನೆ. ಆದರೆ ನೋಡಿದಷ್ಟೂ ಗೊಂದಲ. ಟ್ರೆಂಡ್ ಏರ್‌ಶೀಲ್ಡ್ ಪ್ರೊ ಥರದವುಗಳಲ್ಲಿ ಫ್ಯಾನು, ಬ್ಯಾಟರಿ, ಫಿಲ್ಟರ್ ಎಲ್ಲವೂ ತಲೆಯ ಮೇಲೆಯೇ. ತ್ರೀಎಂ ವರ್ಸಾಫ್ಲೋ ಥರದವುಗಳಲ್ಲಿ ಫ್ಯಾನು ಸೊಂಟದ ಬೆಲ್ಟಿನಲ್ಲಿದ್ದು, ಬೆನ್ನ ಹಿಂದಿನ ಕೊಳವೆಯಿಂದ ಗಾಳಿ ತಲೆಗೆ ಬರುತ್ತದೆ. ಇನ್ನು ಕ್ಲೀನ್‌ಸ್ಪೇಸ್ ಎಂಬುದು ಕತ್ತಿನ ಹಿಂದೆ ಕೂರುತ್ತದೆ, ಕೊಳವೆಯೇ ಇಲ್ಲ. ಒಂದರ ಮೇಲೆ ಟಿಎಚ್2 ಎಂದಿದೆ, ಇನ್ನೊಂದರ ಮೇಲೆ ಟಿಎಚ್3, ಮತ್ತೊಂದರಲ್ಲಿ 25, ಬೇರೊಂದರಲ್ಲಿ 1000. ದೊಡ್ಡ ಅಂಕಿ ಇರುವುದನ್ನೇ ತೆಗೆದುಕೊಂಡರೆ ಆಯಿತೇ?

ನನ್ನ ಅಂಜಿಕೆ ಇನ್ನೊಂದಿದೆ. ಲೇಥ್ ಕೆಲಸದಲ್ಲಿ ಕಿವಿಯೇ ಅರ್ಧ ಕಣ್ಣು. ಬಟ್ಟಲಿನ ಗೋಡೆ ತೆಳುವಾದಂತೆ ಉಳಿಯ ಸದ್ದು ಮೇಲೇರುತ್ತದೆ, ಬಿರುಕಿದ್ದರೆ ಟಿಕ್ ಟಿಕ್ ಎನ್ನುತ್ತದೆ. ಕಿವಿಯ ಪಕ್ಕ ದಿನವಿಡೀ ಫ್ಯಾನ್ ಗುಂಯ್‌ಗುಡುತ್ತಿದ್ದರೆ ಅದು ಕೇಳೀತೇ? ವರ್ಷಗಟ್ಟಲೆ ಬಳಸಿದವರು ಹೇಳಬೇಕು. ಮಾರುವವರ ಮಾತು ಸಾಕಷ್ಟು ಕೇಳಿದ್ದೇನೆ.

ಹಳೆಯ ಉಳಿ

ಹದಿನಾಲ್ಕು ವರ್ಷದಿಂದ ಇವುಗಳ ಕೆಳಗೆ ತಲೆ ಇಟ್ಟುಕೊಂಡು ಬದುಕುತ್ತಿದ್ದೇನೆ, ಆದ್ದರಿಂದ ಸ್ವಲ್ಪ ಉದ್ದಕ್ಕೆ ಬರೆಯುತ್ತೇನೆ. ಕಂಪನಿಯ ಹೆಸರು ಹೇಳುವುದಿಲ್ಲ. ನನ್ನ ಕೈಯಲ್ಲಿ ಹಾಳಾದುದಕ್ಕೆಲ್ಲ ಅರ್ಧ ಕಾರಣ ನಾನೇ.

ಮೊದಲು ಕತ್ತಿನ ಹಿಂದೆ ಕೂರುವುದನ್ನು ಪಟ್ಟಿಯಿಂದ ತೆಗೆಯಿರಿ. ಅದು ಒಳ್ಳೆಯ ಯಂತ್ರವೇ, ಆದರೆ ಅದರ ಮುಂಭಾಗ ಮುಖಕ್ಕೆ ಅಂಟಿ ಕೂರುವ ರಬ್ಬರ್ ಮಾಸ್ಕ್. ಫ್ಯಾನ್ ಇದ್ದರೂ ಅಂಟಿ ಕೂರುವ ಮಾಸ್ಕಿಗೆ ಗಡ್ಡ ಆಗದು. ನಿಮಗೆ ಬೇಕಾದುದು ಸಡಿಲವಾದುದು: ಮುಖದ ಮುಂದೆ ಗಾಜು, ಗದ್ದದ ಕೆಳಗೆ ಬಟ್ಟೆ, ಒಳಗೆ ಸದಾ ಬೀಸುವ ಶುದ್ಧ ಗಾಳಿ. ಗಾಳಿ ಒಳಗಿನಿಂದ ಹೊರಕ್ಕೆ ತಳ್ಳುತ್ತಿರುವುದರಿಂದ ಸಣ್ಣಪುಟ್ಟ ಸಂದಿದ್ದರೂ ಧೂಳು ಸುಲಭವಾಗಿ ಎದುರೀಜಿ ಬರಲಾರದು. ಕನ್ನಡಕ ಮಂಜಾಗುವುದೂ ನಿಲ್ಲುತ್ತದೆ. ನಿಮ್ಮ ಗಡ್ಡದ ಉದ್ದ ಕೇಳಿದರೆ ಗದ್ದಕ್ಕೆ ಎಲಾಸ್ಟಿಕ್ ಬಿಗಿಯುವ ಹೆಲ್ಮೆಟ್ಟಿಗಿಂತ ಕತ್ತು ಭುಜಗಳ ಮೇಲೆ ಇಳಿಬೀಳುವ ಹುಡ್ ವಾಸಿ. ಎಲಾಸ್ಟಿಕ್ಕಿನ ಕೆಳಗಿನಿಂದ ಗಡ್ಡ ಹೊರಗೆ ಇಣುಕಿದರೆ ಅಲ್ಲೊಂದು ಕಿಟಕಿ ತೆರೆದಂತೆ.

ಈಗ ತಲೆಯೋ ಸೊಂಟವೋ ಎಂಬ ಪ್ರಶ್ನೆ. ನಾನು ಕೊಂಡ ಮೊದಲನೆಯದು ಹೆಲ್ಮೆಟ್. ಒಂದು ಕಿಲೋಗೆ ಸ್ವಲ್ಪ ಕಡಿಮೆ ತೂಕ. ಕೈಯಲ್ಲಿ ಹಿಡಿದು ನೋಡಿದಾಗ ಇದೇನು ಮಹಾ ಅನ್ನಿಸಿತ್ತು. ನೆಟ್ಟಗೆ ನಿಂತರೆ ನಿಜವಾಗಿಯೂ ಏನೂ ಅಲ್ಲ. ಆದರೆ ಬಟ್ಟಲಿನ ಒಳಮೈ ಕೊರೆಯುವಾಗ ನಾವು ನಿಲ್ಲುವುದು ಹೇಗೆ? ಕತ್ತು ಮುಂದೆ ಚಾಚಿ, ತಲೆ ಎಡಕ್ಕೆ ಓರೆ ಮಾಡಿ. ಆ ಭಂಗಿಯಲ್ಲಿ ಆ ತೂಕ ಮಧ್ಯಾಹ್ನದ ಹೊತ್ತಿಗೆ ಮೂರು ಕಿಲೋ ಆಗುತ್ತದೆ. ಎರಡು ವರ್ಷ ಎಳೆದೆ. ನಾಲ್ಕು ಗಂಟೆಯ ನಂತರ ಅದನ್ನು ತೆಗೆದು ಮೊಳೆಗೆ ನೇತುಹಾಕಿ, ಉಳಿದ ಕೆಲಸವನ್ನು ಬರಿ ಮುಖದಲ್ಲಿ ಮುಗಿಸುತ್ತಿದ್ದೆ. ಉಜ್ಜುವ ಕೆಲಸ ಬರುವುದೇ ನಾಲ್ಕರ ನಂತರ! ಅತಿ ಸಣ್ಣ ಧೂಳು ಏಳುವ ಹೊತ್ತಿಗೆ ಮಾಸ್ಕ್ ಮೊಳೆಯ ಮೇಲೆ.

ಆಮೇಲೆ ಬೆಲ್ಟಿನದಕ್ಕೆ ಬದಲಾಯಿಸಿದೆ. ತಲೆಯ ಮೇಲೆ ಬರಿಯ ಹುಡ್ಡು, ಭಾರವೆಲ್ಲ ಸೊಂಟಕ್ಕೆ. ಕತ್ತು ನೋವು ಹೋಯಿತು, ಕೊಳವೆಯ ಕಾಟ ಬಂತು. ಒಮ್ಮೆ ಹಿಂದೆ ಸರಿದಾಗ ಡ್ರಿಲ್ ಪ್ರೆಸ್ಸಿನ ಹಿಡಿಗೆ ಕೊಳವೆ ಸಿಕ್ಕಿಕೊಂಡು ಹುಡ್ ಹಿಂದಕ್ಕೆ ಜಗ್ಗಿ, ಕೈಯ ಉಳಿ ಬಟ್ಟಲಿಗೆ ಕಚ್ಚಿತು. ಬಟ್ಟಲು ಹೋಯಿತು, ಹಣೆ ಉಳಿಯಿತು. ಅಂದಿನಿಂದ ಕೊಳವೆಯ ಮೇಲೆ ಏಪ್ರನ್ ಹಾಕಿಕೊಳ್ಳುತ್ತೇನೆ, ಬೆನ್ನಿಗೆ ಅಂಟಿಕೊಂಡಂತೆ. ಆದರೆ ಎಚ್ಚರ, ಫ್ಯಾನ್ ಗಾಳಿ ಎಳೆದುಕೊಳ್ಳುವ ಕಿಂಡಿ ಏಪ್ರನ್ನಿನ ಒಳಗೆ ಮುಚ್ಚಿಹೋಗಬಾರದು. ತಿರುಗುವ ಯಂತ್ರದ ಸುತ್ತ ಜೋತಾಡುವ ಯಾವುದೂ ಇರಬಾರದೆಂದು ನಿಮಗೆ ಹೇಳಬೇಕಿಲ್ಲ.

ಫಿಲ್ಟರಿನ ವಿಷಯದಲ್ಲಿ ನಾನು ಮಾಡಿದ ಮೂರ್ಖತನ ಕೇಳಿ. ಬ್ಯಾಟರಿ ಮೊದಲೆಲ್ಲ ಇಡೀ ದಿನ ಬರುತ್ತಿದ್ದದ್ದು ಐದು ಗಂಟೆಗೆ ಇಳಿಯಿತು. ಬ್ಯಾಟರಿ ಸತ್ತಿತೆಂದು ಹೊಸದು ತರಿಸಿದೆ. ಅದೂ ಐದೇ ಗಂಟೆ. ತಪ್ಪು ಬ್ಯಾಟರಿಯದಲ್ಲ, ಫಿಲ್ಟರ್ ಕಟ್ಟಿಕೊಂಡಿತ್ತು. ಗಾಳಿಯ ಪ್ರಮಾಣ ತಗ್ಗದಂತೆ ಮೋಟಾರು ಹೆಚ್ಚು ದುಡಿಯುತ್ತದೆ, ಹೆಚ್ಚು ವಿದ್ಯುತ್ ಕುಡಿಯುತ್ತದೆ. ಆಗಲಾದರೂ ಹೊಸ ಫಿಲ್ಟರ್ ಹಾಕಿದೆನೇ? ಇಲ್ಲ. ಕಂಪ್ರೆಸರಿನ ಗಾಳಿ ಹೊಡೆದು ಹಳೆಯದನ್ನೇ ಝಾಡಿಸಿದೆ. ಬ್ಯಾಟರಿ ಮತ್ತೆ ಇಡೀ ದಿನ ಬಂತು, ನನ್ನ ಜಾಣತನಕ್ಕೆ ನಾನೇ ಬೆನ್ನು ತಟ್ಟಿಕೊಂಡೆ. ನಾಲ್ಕು ದಿನದ ನಂತರ ಗಾಜಿನ ಒಳಬದಿಯನ್ನು ಬಿಳಿ ಬಟ್ಟೆಯಿಂದ ಒರೆಸಿದರೆ ಬಟ್ಟೆ ಕಂದು. ಗಾಳಿಯ ಹೊಡೆತಕ್ಕೆ ಫಿಲ್ಟರಿನ ಎಳೆಗಳು ಹರಿದು, ಫ್ಯಾನು ಧೂಳನ್ನು ನೇರವಾಗಿ ನನ್ನ ಮೂಗಿನ ಮುಂದೆ ತಂದು ಸುರಿಯುತ್ತಿತ್ತು. ಮುಖ್ಯ ಫಿಲ್ಟರನ್ನು ಊದಬೇಡಿ, ತೊಳೆಯಬೇಡಿ, ಕುಟ್ಟಬೇಡಿ. ಅದರ ಮುಂದೆ ಕೂರುವ ಸ್ಪಂಜಿನಂಥ ಪ್ರಿಫಿಲ್ಟರನ್ನು ಆಗಾಗ ಬದಲಾಯಿಸಿ. ಮುಖ್ಯ ಫಿಲ್ಟರ್ ಬಹಳ ದಿನ ಬಾಳುತ್ತದೆ. ಬಿಳಿ ಬಟ್ಟೆಯ ಆ ಪರೀಕ್ಷೆಯನ್ನು ಈಗಲೂ ಪ್ರತಿ ಸಂಜೆ ಮಾಡುತ್ತೇನೆ.

ಗಾಳಿ ಸಾಕಷ್ಟು ಬರುತ್ತಿದೆಯೇ ಎಂದು ನೋಡಲು ಪೆಟ್ಟಿಗೆಯಲ್ಲೇ ಒಂದು ಸಣ್ಣ ಅಳತೆಯ ಕೊಳವೆ ಕೊಡುತ್ತಾರೆ. ಅದರೊಳಗಿನ ಗುಂಡು ಗೆರೆಯ ಮೇಲೆ ತೇಲಬೇಕು. ಬೆಳಿಗ್ಗೆ ಅರ್ಧ ನಿಮಿಷದ ಕೆಲಸ. ಗಾಳಿ ಕಡಿಮೆಯಾದರೆ ಕೂಗುವ ಅಲಾರಂ ಇಲ್ಲದ ಮಾದರಿಯನ್ನು ಕೊಳ್ಳಲೇಬೇಡಿ. ಲೇಥಿನ ಗದ್ದಲದಲ್ಲಿ ಕೇಳುವಷ್ಟು ಜೋರಾಗಿರಬೇಕು, ಅಥವಾ ನಡುಗಿ ಎಚ್ಚರಿಸಬೇಕು.

ನಿಮ್ಮ ಕಿವಿಯ ಅಂಜಿಕೆ ನಿಜವಾದುದೇ. ಹೆಲ್ಮೆಟ್ಟಿನಲ್ಲಿ ಫ್ಯಾನು ನೆತ್ತಿಯ ಮೇಲೆ ಗುಂಯ್‌ಗುಡುತ್ತದೆ. ಬೆಲ್ಟಿನದರಲ್ಲಿ ಮೋಟಾರಿನ ಸದ್ದು ದೂರವಾಗಿ, ಗಾಳಿಯ ಸುಯ್‌ಗುಡುವಿಕೆ ಮಾತ್ರ ಉಳಿಯುತ್ತದೆ. ಟಿಕ್ ಟಿಕ್ ಸದ್ದು ಮೊದಲಿನಷ್ಟು ಸ್ಪಷ್ಟವಾಗಿ ಕೇಳದು. ನಾನು ಈಗ ಎರಡು ಸಲ ಹೆಚ್ಚಿಗೆ ಲೇಥ್ ನಿಲ್ಲಿಸಿ ಬಟ್ಟಲನ್ನು ಬೆರಳ ಗೆಣ್ಣಿನಿಂದ ತಟ್ಟಿ ನೋಡುತ್ತೇನೆ. ಉಳಿಯ ಹಿಡಿಯಲ್ಲಿ ಬರುವ ನಡುಕವನ್ನು ಓದಲು ಕಲಿತಿದ್ದೇನೆ. ಒಂದೆರಡು ತಿಂಗಳು ಹಿಡಿಯಿತು.

ಗಾಜಿನ ಬಗ್ಗೆ ಒಂದೇ ಮಾತು. ಕಣ್ಣಿನ ರಕ್ಷಣೆಗೆ ಯುರೋಪಿನ ಮಾನಕವಾದ ಇಎನ್ 166ರ ಗುರುತಿನಲ್ಲಿ ಎಫ್ ಎಂದಿದ್ದರೆ ಅದನ್ನು ಸೆಕೆಂಡಿಗೆ 45 ಮೀಟರ್ ವೇಗದ ಸಣ್ಣ ಉಕ್ಕಿನ ಗುಂಡಿನಿಂದ ಪರೀಕ್ಷಿಸಿರುತ್ತಾರೆ, ಬಿ ಎಂದಿದ್ದರೆ 120 ಮೀಟರ್. ಲೇಥಿಗೆ ಬಿ ಇರಲಿ. ಹಾಗೆಂದು ಅರ್ಧ ಬಟ್ಟಲು ಸಿಡಿದು ಬಂದರೆ ತಡೆಯುತ್ತದೆಂದು ಅದರ ನೇರಕ್ಕೆ ನಿಲ್ಲಬೇಡಿ.

ಪೆಟ್ಟಿಗೆ ಮಾಡುವವಳು

ಎಲ್ಲರೂ ಸಂಭ್ರಮದಿಂದ ಫ್ಯಾನ್ ಕೊಳ್ಳುವ ಮೊದಲು ಸ್ವಲ್ಪ ತಣ್ಣೀರು ಎರಚುತ್ತೇನೆ.

ನಾನು ಒಡವೆ ಪೆಟ್ಟಿಗೆ ಮಾಡುತ್ತೇನೆ, ಮರ ಕೊರೆಯುವ ರೂಟರ್ ಮತ್ತು ಉಜ್ಜುವ ಸ್ಯಾಂಡರ್ ನನ್ನ ದಿನದ ಒಡನಾಡಿಗಳು. ನನ್ನದು ಎರಡು ಗುಲಾಬಿ ಬಣ್ಣದ ಪಿ100 ಎಂಬ ಧೂಳಿನ ಫಿಲ್ಟರ್ ಬಿಲ್ಲೆಗಳಿರುವ ರಬ್ಬರಿನ ಅರ್ಧ ಮಾಸ್ಕ್. ಬ್ಯಾಟರಿಯಿಲ್ಲ, ಸದ್ದಿಲ್ಲ, ಅಲಾರಂ ಇಲ್ಲ. ಗಡ್ಡವೂ ಇಲ್ಲ, ಒಪ್ಪಿಕೊಂಡೆ. ಉಳಿದ ಹಣವನ್ನೆಲ್ಲ ಧೂಳು ಹೀರುವ ಯಂತ್ರಕ್ಕೆ ಸುರಿದೆ. ಸ್ಯಾಂಡರಿಗೆ ವ್ಯಾಕ್ಯೂಮ್ ಜೋಡಿಸಿ, ಜಾಲರಿಯಂಥ ಉಪ್ಪುಕಾಗದ ಹಾಕಿದ ದಿನ ಮೇಜಿನ ಮೇಲೆ ಬೆರಳಿನಿಂದ ಹೆಸರು ಬರೆಯಲು ಧೂಳೇ ಸಿಗಲಿಲ್ಲ. ಧೂಳು ಹುಟ್ಟಿದಲ್ಲೇ ಹಿಡಿಯದೆ, ಕೋಣೆಗೆಲ್ಲ ಹರಡಲು ಬಿಟ್ಟು, ಆಮೇಲೆ ಮೂಗೊಂದಕ್ಕೆ ಕಾವಲು ಹಾಕುವುದು ಯಾವ ನ್ಯಾಯ? ನಿಮ್ಮ ಫ್ಯಾನು ನಿಮ್ಮನ್ನು ಕಾಪಾಡೀತು. ಬಾಗಿಲಲ್ಲಿ ನಿಂತು ಮಾತನಾಡಿಸುವವರನ್ನು ಕಾಪಾಡದು. ತೇಗದ ಧೂಳಿಗೆ ಎದ್ದ ಮುಂಗೈ ಗುಳ್ಳೆಯನ್ನೂ ವಾಸಿ ಮಾಡದು.

ಲೇಥಿನಲ್ಲಿ ಹೀರುವುದು ಕಷ್ಟವೆಂದು ಗೊತ್ತು, ಸುರುಳಿಗಳು ಎಲ್ಲ ದಿಕ್ಕಿಗೂ ಹಾರುತ್ತವೆ. ಆದರೆ ಸುರುಳಿಯಿಂದ ಅಪಾಯವಿಲ್ಲ, ಅದು ನೆಲಕ್ಕೆ ಬೀಳುತ್ತದೆ. ಉಜ್ಜುವಾಗ ಬಟ್ಟಲಿನ ಹಿಂದೆಯೇ ದೊಡ್ಡ ಬಾಯಿಯ ಕೊಳವೆ ನಿಲ್ಲಿಸಿ. ಅರ್ಧಕ್ಕರ್ಧ ಯುದ್ಧ ಅಲ್ಲೇ ಮುಗಿಯುತ್ತದೆ.

ಅಳತೆಗಾರ

ಕಾರ್ಖಾನೆಗಳಲ್ಲಿ ಗಾಳಿಯ ಧೂಳನ್ನು ಅಳೆಯುವುದು ನನ್ನ ಉದ್ಯೋಗವಾಗಿತ್ತು. ಮೂಲ ಪ್ರಶ್ನೆಯಲ್ಲಿದ್ದ ಅಂಕಿಗಳಿಗೆ ಯಾರೂ ಉತ್ತರಿಸಿಲ್ಲ, ಅದನ್ನು ನಾನು ಹೇಳುತ್ತೇನೆ.

ಯುರೋಪಿನ ಇಎನ್ 12941 ಎಂಬ ಮಾನಕ ಫ್ಯಾನ್ ಇರುವ ಹುಡ್ ಮತ್ತು ಹೆಲ್ಮೆಟ್‌ಗಳಿಗೆ; ಟಿಎಚ್ ಎಂಬುದು ಅದರ ದರ್ಜೆ. ಪ್ರಯೋಗಾಲಯದಲ್ಲಿ ಟಿಎಚ್1ರ ಒಳಗೆ ಸೋರುವುದು ಶೇಕಡಾ 10ಕ್ಕಿಂತ ಹೆಚ್ಚಿರಬಾರದು, ಟಿಎಚ್2ಕ್ಕೆ 2, ಟಿಎಚ್3ಕ್ಕೆ 0.2. ಕೆಲಸದ ಜಾಗದಲ್ಲಿ ಅಷ್ಟನ್ನು ನಂಬಲಾಗದು. ಆದ್ದರಿಂದ ಬ್ರಿಟನ್ನಿನಲ್ಲಿ ಅವುಗಳಿಗೆ ಕ್ರಮವಾಗಿ 10, 20, 40 ಪಟ್ಟು ರಕ್ಷಣೆ ಎಂದು ಎಣಿಸುತ್ತಾರೆ. 10 ಪಟ್ಟು ಎಂದರೆ ಹೊರಗಿನ ಧೂಳಿನ ಹತ್ತನೆಯ ಒಂದು ಪಾಲು ಮಾತ್ರ ಒಳಗೆ. ಅಮೆರಿಕದ ಲೆಕ್ಕ ಬೇರೆ. ಅಲ್ಲಿ ಸಡಿಲ ಮುಖವಾಡದ ಪಿಎಪಿಆರ್‌ಗೆ 25. ಹುಡ್ ಅಥವಾ ಹೆಲ್ಮೆಟ್ಟಿಗೂ ಸಾಮಾನ್ಯವಾಗಿ 25, ತಯಾರಕರು ಪರೀಕ್ಷೆಯ ಪುರಾವೆ ಒದಗಿಸಿದರೆ 1000. ನೀವು ನೋಡಿದ 1000 ಅದೇ. ಫ್ಯಾನಿಲ್ಲದ ಅರ್ಧ ಮಾಸ್ಕಿಗೆ ಅಲ್ಲಿ 10, ಅದೂ ಮುಖಕ್ಕೆ ಸರಿಯಾಗಿ ಕೂರುತ್ತದೆಂದು ಪರೀಕ್ಷಿಸಿದ ಮೇಲೆ. ಸಡಿಲ ಹುಡ್ಡಿಗೆ ಆ ಪರೀಕ್ಷೆಯ ಅಗತ್ಯವಿಲ್ಲ.

ಇನ್ನು ದೊಡ್ಡ ಅಂಕಿಯೇ ಬೇಕೇ ಎಂಬುದಕ್ಕೆ ಒಂದು ಲೆಕ್ಕ ಮಾಡೋಣ. ನಿಮ್ಮ ಕೋಣೆಯ ಗಾಳಿಯಲ್ಲಿ ಘನ ಮೀಟರಿಗೆ 10 ಮಿಲಿಗ್ರಾಂ ಧೂಳಿದೆ ಎಂದಿಟ್ಟುಕೊಳ್ಳಿ. ಕೆಲಸಗಾರರ ಆರೋಗ್ಯದ ಸಂಶೋಧನೆ ಮಾಡುವ ಅಮೆರಿಕದ ನಿಯೋಶ್ ಸಂಸ್ಥೆ ಮರದ ಧೂಳಿಗೆ ಸೂಚಿಸುವ ಮಿತಿ 1 ಮಿಲಿಗ್ರಾಂ. ಯುರೋಪಿನ ಒಕ್ಕೂಟದಲ್ಲಿ ಗಟ್ಟಿಮರದ ಧೂಳಿಗೆ 2023ರ ಜನವರಿಯಿಂದ 2 ಮಿಲಿಗ್ರಾಂ. 25 ಪಟ್ಟಿನ ಹುಡ್ಡಿನೊಳಗೆ ನಿಮಗೆ ಸಿಗುವುದು 0.4. ಸಾಕಷ್ಟಾಯಿತು. ಎಂಟು ಗಂಟೆಯ ಕೆಲಸದಲ್ಲಿ ಹುಡ್ಡನ್ನು ಅಷ್ಟಿಷ್ಟು ತೆಗೆದು ಒಟ್ಟು 48 ನಿಮಿಷ, ಅಂದರೆ ಹತ್ತನೆಯ ಒಂದು ಪಾಲು, ಬರಿ ಮುಖದಲ್ಲಿದ್ದೀರಿ ಎನ್ನಿ. ಆ 48 ನಿಮಿಷದ ಪಾಲೇ ದಿನದ ಸರಾಸರಿಗೆ 1 ಮಿಲಿಗ್ರಾಂ ಸೇರಿಸುತ್ತದೆ. ನಿಮ್ಮ 25 ಪಟ್ಟು ಸುಮಾರು 7 ಪಟ್ಟಿಗೆ ಇಳಿಯಿತು. 1000 ಪಟ್ಟಿನದಾಗಿದ್ದರೆ? ಅದೂ 10ರ ಒಳಗೆ ಬಂದು ನಿಲ್ಲುತ್ತದೆ. ಹಳೆಯ ಉಳಿಯವರು ನಾಲ್ಕು ಗಂಟೆಗೆ ಹೆಲ್ಮೆಟ್ಟನ್ನು ಮೊಳೆಗೆ ಹಾಕುತ್ತಿದ್ದ ಕಥೆಗೆ ಇದೇ ಗಣಿತ. ಇಡೀ ದಿನ ತೆಗೆಯಬೇಕೆನಿಸದಂಥ ಟಿಎಚ್2, ಕತ್ತು ನೋಯಿಸುವ ಟಿಎಚ್3ಕ್ಕಿಂತ ಮೇಲು.

ಜನ ಮಾಸ್ಕ್ ತೆಗೆಯುವುದು ಯಾವಾಗ? ಯಂತ್ರ ನಿಲ್ಲಿಸಿದೊಡನೆ. ನನ್ನ ಉಪಕರಣಗಳಲ್ಲಿ ಗೆರೆ ಜಿಗಿದು ಮೇಲೇರುತ್ತಿದ್ದುದು ಹಲವು ಸಲ ಅದರ ನಂತರವೇ, ಪೊರಕೆ ಕೈಗೆತ್ತಿಕೊಂಡಾಗ. ಕಣ್ಣಿಗೆ ಕಾಣದ ಸಣ್ಣ ಕಣಗಳು ಯಂತ್ರ ನಿಂತ ಮೇಲೂ ಗಂಟೆಗಟ್ಟಲೆ ಗಾಳಿಯಲ್ಲಿ ತೇಲುತ್ತಿರುತ್ತವೆ. ಬಿಸಿಲ ಕೋಲಿನಲ್ಲಿ ಕುಣಿಯುವುದು ಅವುಗಳಲ್ಲಿ ದೊಡ್ಡವು ಮಾತ್ರ.

ಇದನ್ನು ಹೆದರಿಸಲು ಹೇಳುತ್ತಿಲ್ಲ, ಆದರೆ ಹಗುರವಾಗಿ ಕಾಣಬಾರದು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಮರದ ಧೂಳನ್ನು 1995ರಲ್ಲೇ ಮನುಷ್ಯರಿಗೆ ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿಗೆ ಸೇರಿಸಿದೆ. ಮುಖ್ಯವಾಗಿ ಮೂಗಿನ ಒಳಭಾಗ ಮತ್ತು ಅದರ ಸುತ್ತಲಿನ ಸೈನಸ್‌ಗಳ ಕ್ಯಾನ್ಸರ್.

ಇನ್ನೊಂದು: ಧೂಳಿನ ಫಿಲ್ಟರ್ ಧೂಳನ್ನಷ್ಟೇ ಹಿಡಿಯುತ್ತದೆ. ಮರದ ನಾರನ್ನು ಅಂಟು ಬೆರೆಸಿ ಒತ್ತಿ ಮಾಡಿದ ಎಂಡಿಎಫ್ ಹಲಗೆಯಿಂದ ಬರುವ ಫಾರ್ಮಾಲ್ಡಿಹೈಡ್ ಅನಿಲ, ವಾರ್ನಿಷಿನ ಥಿನ್ನರ್ ಆವಿ ಅದರ ಮೂಲಕ ಸಲೀಸಾಗಿ ದಾಟುತ್ತವೆ. ಆವಿಗೆ ಬೇರೆ ಕಾರ್ಟ್ರಿಜ್ ಬೇಕು, ಅದನ್ನು ಹಾಕಲು ಆಗುವ ಮಾದರಿಯೂ ಬೇಕು. ಐಸೋಸಯನೇಟ್ ಎಂಬ ಅಪಾಯಕಾರಿ ರಾಸಾಯನಿಕ ಇರುವ, ಎರಡು ಡಬ್ಬಿ ಬೆರೆಸಿ ಬಳಸುವ ಪಾಲಿಯುರೆಥೇನ್ ಲೇಪವನ್ನು ಸಿಂಪಡಿಸುವುದಿದ್ದರೆ ಇವುಗಳ ಸಹವಾಸವೇ ಬೇಡ, ಅದಕ್ಕೆ ಹೊರಗಿನಿಂದ ಕೊಳವೆಯಲ್ಲಿ ಶುದ್ಧ ಗಾಳಿ ತರುವ ವ್ಯವಸ್ಥೆ ಬೇಕು. ಮತ್ತೆ, ಒಬ್ಬರ ಫ್ಯಾನಿಗೆ ಮತ್ತೊಬ್ಬರ ಹುಡ್ ಜೋಡಿಸಬೇಡಿ. ಪ್ರಮಾಣಪತ್ರ ಸಿಕ್ಕಿರುವುದು ಇಡೀ ಜೋಡಣೆಗೆ, ಬಿಡಿಭಾಗಕ್ಕಲ್ಲ.

ಗಡ್ಡದ ಬಡಗಿ

ಎಲ್ಲವನ್ನೂ ಎರಡೆರಡು ಸಲ ಓದಿದೆ. 48 ನಿಮಿಷದ ಲೆಕ್ಕ ನೋಡಿ ನಿದ್ದೆ ಬರಲಿಲ್ಲ. ಬಟ್ಟಲನ್ನು ಹತ್ತಿರದಿಂದ ನೋಡಲು, ಫೋನ್ ಎತ್ತಲು, ನೀರು ಕುಡಿಯಲು, ಕಸ ಗುಡಿಸಲು ಎಂದು ನಾನು ತೆಗೆಯುವುದನ್ನು ಕೂಡಿಸಿದರೆ 48 ಎಲ್ಲಿಗೂ ಸಾಲದು.

ಒಂದು ಪೆದ್ದು ಪ್ರಶ್ನೆ. ಗೆಳೆಯನೊಬ್ಬ ಕಂಪ್ಯೂಟರಿನ ಎರಡು ಫ್ಯಾನು, ಕಾರಿನ ಫಿಲ್ಟರು, ಹಳೆಯ ಹೆಲ್ಮೆಟ್ಟು ಸೇರಿಸಿ ಇದನ್ನು ಮನೆಯಲ್ಲೇ ಮಾಡಿಕೊಡುತ್ತೇನೆ ಎನ್ನುತ್ತಿದ್ದಾನೆ. ಕೈ ಚಳಕದವನೇ.

ಹಳೆಯ ಉಳಿ

ಗೆಳೆತನ ಉಳಿಯಲಿ, ಹೆಲ್ಮೆಟ್ ಬೇಡ. ಬಯಲಿನಲ್ಲಿ ಗಾಳಿ ಬೀಸುವುದು ಬೇರೆ, ದಟ್ಟ ಫಿಲ್ಟರಿನ ಮೂಲಕ ಅದನ್ನು ಎಳೆಯುವುದು ಬೇರೆ. ಕಂಪ್ಯೂಟರಿನ ಫ್ಯಾನಿಗೆ ಒಳ್ಳೆಯ ಫಿಲ್ಟರ್ ಅಡ್ಡ ಇಟ್ಟರೆ ರೆಕ್ಕೆ ತಿರುಗುತ್ತಿರುತ್ತದೆ, ಗಾಳಿ ಬಾರದು. ಅಮೆರಿಕದ ನಿಯಮದಲ್ಲಿ ಸಡಿಲ ಹುಡ್ಡಿಗೆ ನಿಮಿಷಕ್ಕೆ ಕನಿಷ್ಠ 170 ಲೀಟರ್ ಬರಬೇಕು. ಅದಕ್ಕಿಂತ ಕಡಿಮೆಯಾದರೆ ನೀವು ಏದುಸಿರು ಬಿಡುವ ಕ್ಷಣದಲ್ಲಿ ಫ್ಯಾನು ಕೊಡುವುದಕ್ಕಿಂತ ನೀವು ಎಳೆಯುವುದೇ ಹೆಚ್ಚಾಗಿ, ಕತ್ತಿನ ಸಂದಿನಿಂದ ಹೊರಗಿನ ಗಾಳಿ ನುಗ್ಗುತ್ತದೆ. ಅಳೆಯದೆ ಅದು ಗೊತ್ತಾಗುವುದೂ ಇಲ್ಲ. ಕೈ ಚಳಕದ ಗೆಳೆಯನಿಗೆ ಪೆಟ್ಟಿಗೆ ಮಾಡುವವರು ಹೇಳಿದ ದೊಡ್ಡ ಬಾಯಿಯ ಕೊಳವೆಯನ್ನು ಲೇಥಿಗೆ ಜೋಡಿಸುವ ಕೆಲಸ ಕೊಡಿ.

ಗಡ್ಡದ ಬಡಗಿ (ಆರು ವಾರದ ನಂತರ)

ವರದಿ ಒಪ್ಪಿಸುತ್ತೇನೆ. ಬೆಲ್ಟಿನದನ್ನೇ ಕೊಂಡೆ, ಭುಜದವರೆಗೆ ಇಳಿಯುವ ಹುಡ್ಡು, ಟಿಎಚ್3. ಕೊಳ್ಳುವ ಮೊದಲು ಪರಿಚಯದವರದನ್ನು ಒಂದು ದಿನ ಎರವಲು ತಂದು ಹಾಕಿಕೊಂಡು ಕಡೆದೆ. ಅಂಗಡಿಯಲ್ಲಿ ನಿಂತು ಹತ್ತು ನಿಮಿಷ ಹಾಕಿ ನೋಡಿದರೆ ಏನೂ ತಿಳಿಯುವುದಿಲ್ಲ, ಬಗ್ಗಿ ನಿಂತ ಮೂರನೆಯ ಗಂಟೆಗೆ ತಿಳಿಯುತ್ತದೆ. ಗಡ್ಡ ಹುಡ್ಡಿನೊಳಗೆ ಹಾಯಾಗಿದೆ. ಕನ್ನಡಕ ಒಂದು ಸಲವೂ ಮಂಜಾಗಿಲ್ಲ. ಆದರೆ ಗಾಳಿ ನೇರವಾಗಿ ಕಣ್ಣಿಗೆ ಬೀಸಿ ಮೊದಲ ವಾರ ಕಣ್ಣೆಲ್ಲ ಒಣಗಿ ಉರಿಯಿತು. ಒಳಗಿನ ರೆಕ್ಕೆಯೊಂದನ್ನು ಪಕ್ಕಕ್ಕೆ ತಿರುಗಿಸಬಹುದೆಂದು ತಿಳಿಯಲು ಏಳು ದಿನ ಬೇಕಾಯಿತು. ಕೈಪಿಡಿಯ ಮೂರನೆಯ ಪುಟದಲ್ಲೇ ಇತ್ತು.

ಎರಡನೆಯ ದಿನ ದೊಡ್ಡ ಗಾಬರಿ. ತೇಗ ಕಡೆಯುವಾಗ ಹುಡ್ಡಿನೊಳಗೆ ತೇಗದ ವಾಸನೆ ಬಂತು. ಎಲ್ಲೋ ಸೋರುತ್ತಿದೆ ಎಂದು ಎಲ್ಲ ಬಿಚ್ಚಿ ಮತ್ತೆ ಜೋಡಿಸಿದೆ. ಫಿಲ್ಟರಿನ ರಬ್ಬರ್ ಸುತ್ತನ್ನು ನೋಡಿದೆ, ಗುಂಡು ತೇಲಿಸಿ ನೋಡಿದೆ. ಎಲ್ಲ ಸರಿ. ಸಂಜೆ ಬಿಳಿ ಬಟ್ಟೆ ಒರೆಸಿದರೆ ಬಟ್ಟೆ ಬಿಳಿಯೇ. ಈಗಲೂ ವಾಸನೆ ಬರುತ್ತದೆ, ಬಟ್ಟೆ ಬಿಳಿಯಾಗಿಯೇ ಇದೆ. ಯಾವುದನ್ನು ನಂಬಲಿ?

ಗೆಳೆಯ ಮಾಡಿಕೊಟ್ಟ ಕೊಳವೆ ಲೇಥಿನ ಹಿಂದೆ ನಿಂತಿದೆ. ಪೊರಕೆಯನ್ನು ಅಂಗಳಕ್ಕೆ ಗಡೀಪಾರು ಮಾಡಿ, ನೆಲಕ್ಕೆ ವ್ಯಾಕ್ಯೂಮ್ ಹಿಡಿಯುತ್ತೇನೆ, ಹುಡ್ ಹಾಕಿಕೊಂಡೇ. ಬಟ್ಟಲಿನ ಟಿಕ್ ಟಿಕ್ ಮಾತ್ರ ಇನ್ನೂ ಸರಿಯಾಗಿ ಕೇಳುತ್ತಿಲ್ಲ. ಹೋದ ವಾರ ತೆಳು ಗೋಡೆಯ ಒಂದು ಬಟ್ಟಲು ಹೇಳದೆ ಕೇಳದೆ ಎರಡು ಹೋಳಾಯಿತು. ಗೆಣ್ಣಿನಿಂದ ತಟ್ಟುವ ಅಭ್ಯಾಸ ಅಂದಿನಿಂದ ಬಂದಿದೆ.

ಅಳತೆಗಾರ

ಬಟ್ಟೆಯನ್ನು ನಂಬಿ. ವಾಸನೆ ಎಂದರೆ ಮರದ ಎಣ್ಣೆಗಳ ಆವಿ, ಅದು ಕಣವಲ್ಲ. ಧೂಳಿನ ಫಿಲ್ಟರ್ ಅದನ್ನು ತಡೆಯುವುದೇ ಇಲ್ಲ. ತದ್ವಿರುದ್ಧವೂ ನಿಜ: ಎಂದಾದರೂ ಆವಿಯ ಕಾರ್ಟ್ರಿಜ್ ಹಾಕಿದಾಗ ವಾಸನೆ ಬಂದರೆ ಆಗ ಗಾಬರಿಯಾಗಿ.

ಪೆಟ್ಟಿಗೆ ಮಾಡುವವಳು

ಕೊಳವೆ ಹಾಕಿಸಿದ್ದಕ್ಕೆ ಸಂತೋಷ. ಮುಂಗೈ ಹೇಗಿದೆ?

ಗಡ್ಡದ ಬಡಗಿ

ತೇಗಕ್ಕೆ ಉದ್ದ ತೋಳಿನ ಅಂಗಿ, ಕೆಲಸ ಮುಗಿದೊಡನೆ ಸೋಪಿನ ನೀರು. ಗುಳ್ಳೆ ಇಲ್ಲ. ಸಡಿಲ ತೋಳು ಲೇಥಿಗೆ ಸಿಕ್ಕದಂತೆ ಮಣಿಕಟ್ಟಿಗೆ ಬಿಗಿ ಪಟ್ಟಿ ಹೊಲಿಸಿದ್ದೇನೆ.

ಹಳೆಯ ಉಳಿ

ಒಂದು ಕೇಳಲು ಮರೆತಿದ್ದೆ. ದಿನದ ಕೊನೆಗೆ ಏಪ್ರನ್ ಕೊಡವಿ ತೆಗೆಯುತ್ತೀರಲ್ಲ, ಹುಡ್ ತೆಗೆಯುವುದು ಅದಕ್ಕೆ ಮೊದಲೋ, ಆಮೇಲೋ?

ಗಡ್ಡದ ಬಡಗಿ

ಮೊದಲು. ಇವತ್ತಿನಿಂದ ಆಮೇಲೆ.